ಏಳನೇ ನಂಬರ್ ರೈಫಲ್ಲಿನ ಬಾಯಿ

ಮಾರ್ಚ್ 3, ಸೋಮವಾರ

ಇವತ್ತೂ ಆರು ರೈಫಲ್ ಒರೆಸಿದೆ. ಶೂಟಿಂಗ್ ಕ್ಲಬ್ಬಿನವರಿಗೆ ಹೊಡೆಯಲು ಬರುತ್ತೆ, ಒರೆಸಲು ಬರಲ್ಲ. ಸೆಕ್ರೆಟರಿ ಬಂದರು.

"ಏಳನೇ ನಂಬರ್ ಕೆಟ್ಟು ಮೂಲೆಗೆ ಬಿದ್ದು ವರ್ಷಗಳಾದ್ವು. ಎಲ್ಲಿ ಗುರಿ ಇಟ್ರೂ ಎಡಕ್ಕೇ ಹೋಗುತ್ತೆ. ಶನಿವಾರ ಕತ್ತರಿಸಿ ಗುಜರಿಗೆ ಹಾಕು."

ದೊಡ್ಡಪ್ಪನ ರೈಫಲ್ ಅದು. ಅಂದರೆ ಕ್ಲಬ್ಬಿನದೇ, ಆದರೆ ಮೂವತ್ತು ವರ್ಷ ನೋಡಿಕೊಂಡವರು ಅವರು. ಮೂರು ವರ್ಷದ ಹಿಂದೆ ಅವರನ್ನೂ ಹೀಗೇ... "ಕೈ ನಡುಗುತ್ತೆ" ಅಂತ ಮನೆಗೆ ಕಳಿಸಿದ ಪುಣ್ಯಾತ್ಮ ಇದೇ ಸೆಕ್ರೆಟರಿ. ನೆನೆಸಿಕೊಂಡರೆ ಮೈ ಉರಿಯುತ್ತೆ.

"ನಳಿಗೆ ಕೆಟ್ಟಿಲ್ಲ ಸರ್. ಕೊಳೆ ಕೂತಿದೆ."

"ಹೌದಾ? ಶನಿವಾರದವರೆಗೆ ಟೈಮ್. ಉಜ್ಜಿ ಬಂಗಾರ ಮಾಡ್ತೀಯೇನೋ ನೋಡೋಣ."

ಮಾರ್ಚ್ 4

ನಳಿಗೆಯೊಳಗೆ ತೂರಿಸಿದ ಬಟ್ಟೆ ಚೂರು ನೀಲಿ-ಹಸಿರಾಗಿ ಬಂತು. ಒಳಗೆ ಅಂಟಿದ ಗುಂಡಿನ ತಾಮ್ರ. ಇಪ್ಪತ್ತು ಚೂರು ಹಾಕಿದರೂ ಅದೇ ಬಣ್ಣ.

ದೊಡ್ಡಪ್ಪ ಬನಿಯನ್ ಕತ್ತರಿಸಿ ಚೂರು ಮಾಡುತ್ತಿದ್ದರು. ಎಲ್ಲವೂ ಒಂದೇ ಅಳತೆ. ದೊಡ್ಡಮ್ಮ ಬೈಯುತ್ತಿದ್ದಳು: "ಬಂದೂಕಿಗೆ ಹೊಸ ಬನಿಯನ್, ನಿಮ್ಮ ಮೈಗೆ ತೂತಿಂದು!"

ಮೂರು ವರ್ಷದ ಹಿಂದೆ ಮೇಷ್ಟ್ರ ಜೊತೆ ಜಗಳವಾಡಿ ಶಾಲೆ ಬಿಟ್ಟು ಕ್ಲಬ್ಬಿಗೆ ಬಂದಿದ್ದೆ. ದೊಡ್ಡಪ್ಪ ಏನು, ಎತ್ತ ಅಂತ ಕೇಳಲಿಲ್ಲ. ಕೈಗೆ ನಳಿಗೆ ಒರೆಸೋ ರಾಡ್ ಕೊಟ್ಟರು. "ಗುಂಡು ಹೋಗೋ ದಾರೀಲೇ ಬಟ್ಟೆನೂ ಹೋಗ್ಬೇಕು, ಬೆಂಕಿಪೊಟ್ಟಣ. ಹಿಂದಿಂದ ಹಾಕು, ಮುಂದೆ ಉದುರಲಿ. ಕೊಳೆ ವಾಪಸ್ ಎಳೀಬೇಡ. ಬಾಯಿ ಕಡೆಯಿಂದ ರಾಡ್ ತೂರಿಸಿದ್ಯೋ, ಕೈ ಮುರೀತೀನಿ."

ಬೆಂಕಿಪೊಟ್ಟಣ ಅಂದರೆ ನಾನು. ಗೀರಿದರೆ ಹತ್ತಿಕೊಳ್ತಾನೆ ಅಂತ.

ಒರೆಸಿದ ಮೇಲೆ ನಳಿಗೆಯನ್ನು ಕಿಟಕಿ ಬೆಳಕಿಗೆ ಹಿಡಿದು ತೋರಿಸುತ್ತಿದ್ದರು. ಒಳಗೆ ಗೆರೆಗಳು ಹೊಳೆಯುತ್ತಾ ಸುತ್ತಿಕೊಂಡು ಹೋಗುವುದು... ಅಷ್ಟು ಚೆಂದದ್ದು ಶಾಲೆಯಲ್ಲಿ ಯಾರೂ ತೋರಿಸಲಿಲ್ಲ.

ಮಾರ್ಚ್ 6

ಬಟ್ಟೆ ಬೆಳ್ಳಗೆ ಬಂತು! ಒಬ್ಬನೇ ಕುಣಿದೆ. ಕ್ಲಬ್ಬಿನ ಕೋಚ್ ಐದು ಗುಂಡು ಹೊಡೆದರು. ಐದೂ ಎಡಕ್ಕೆ.

"ಒಳಗೆ ಕನ್ನಡಿ ಆಗಿದೆ ಕಣಯ್ಯ. ಬಾಯಿ ನೋಡಿದ್ಯಾ?"

ಭೂತಗನ್ನಡಿ ಹಿಡಿದೆ. ಬಾಯಿಯ ಅಂಚಿನಲ್ಲಿ ಒಂದು ಗೀರು. ಗುಂಡು ಹೊರಬೀಳುವ ಜಾಗವೇ ಕೆಟ್ಟಿದ್ದರೆ ಒಳಗೆ ಎಷ್ಟು ಉಜ್ಜಿ ಏನು? ಅಂಚನ್ನು ಲೇತಿನಲ್ಲಿ ಹೊಸದಾಗಿ ಕಡೆದರೆ ಸರಿಹೋಗುತ್ತೆ ಅಂದರು ಕೋಚ್.

ಆ ಗೀರು ನಂದು. ಮೂರು ವರ್ಷದ ಹಿಂದೆ ಇದರ ಹಿಂಬದಿಯ ಬೋಲ್ಟ್ ಸಿಕ್ಕಿಕೊಂಡು ತೆರೆಯುತ್ತಿರಲಿಲ್ಲ. ದೊಡ್ಡಪ್ಪ ಊಟಕ್ಕೆ ಹೋಗಿದ್ದರು. ಸಿಟ್ಟು ಬಂದು ಉಕ್ಕಿನ ರಾಡನ್ನು ಬಾಯಿ ಕಡೆಯಿಂದಲೇ ತೂರಿಸಿ ಗುದ್ದಿದ್ದೆ. ಅಷ್ಟಕ್ಕೆ ಏನಾಗುತ್ತೆ ಅಂದುಕೊಂಡಿದ್ದೆ. ಯಾರಿಗೂ ಹೇಳಲಿಲ್ಲ.

ಮಾರ್ಚ್ 7, ಸಂಜೆ

ದೊಡ್ಡಪ್ಪ ಕಿಟಕಿ ಹತ್ತಿರ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಕೈ ಒಂಚೂರೂ ನಡುಗುತ್ತಿರಲಿಲ್ಲ. ಮೂರು ವರ್ಷದಿಂದ ಇದನ್ನು ನೋಡಿಯೂ ನೋಡಿರಲಿಲ್ಲ, ದಡ್ಡ ನನ್ಮಗ ನಾನು.

"ಏಳನೇ ನಂಬರಿನ ಗೀರು ನಿಮಗೆ ಗೊತ್ತಿತ್ತಾ?"

"ಅವತ್ತೇ."

"ಮತ್ತೆ?"

"ಕೈ ನಡುಗಿ ನಾನೇ ಕೆಡಿಸ್ದೆ ಅಂತ ಸೆಕ್ರೆಟರಿಗೆ ಹೇಳ್ದೆ. ನೀನು ಶಾಲೆ ಬಿಟ್ಟು ತಿಂಗಳಾಗಿತ್ತು. ಕ್ಲಬ್ಬಿಂದ್ಲೂ ಆಚೆ ಹಾಕಿದ್ರೆ ಎಲ್ಲಿಗೆ ಹೋಗ್ತಿದ್ದೆ?"

"ನಾನು ಕೇಳಿದ್ನಾ ನಿಮ್ಮನ್ನ?" ಕಿರುಚಿದೆ.

"ಮೆತ್ತಗೆ. ದೊಡ್ಡಮ್ಮನಿಗೂ ಗೊತ್ತಿಲ್ಲ. ನಾಳೆ ಅಲ್ಲಿ ಹೋಗಿ ಬಾಯಿ ಬಿಟ್ಟೀಯ, ಜೋಕೆ."

ಊಟ ಮಾಡಲಿಲ್ಲ. ಮೂರು ವರ್ಷ ಸೆಕ್ರೆಟರಿಗೆ ಹಿಡಿಶಾಪ ಹಾಕಿದೆನಲ್ಲ...

ಮಾರ್ಚ್ 8, ಬೆಳಿಗ್ಗೆ 11

ಹೇಳಿಬಿಟ್ಟೆ.

"ಸರ್, ಏಳನೇ ನಂಬರ್ ಕೆಡಿಸಿದ್ದು ನಾನು, ದೊಡ್ಡಪ್ಪ ಅಲ್ಲ. ಅಂಚು ಕಡೆಸಿದ್ರೆ ಸರಿಹೋಗುತ್ತೆ. ಕತ್ತರಿಸಬೇಡಿ."

ಸೆಕ್ರೆಟರಿ ರೈಫಲ್ ಕೋಣೆಯ ಬೀಗದ ಕೈ ಕೇಳಿದರು. ಕೊಟ್ಟೆ. "ನೀನಿನ್ನು ಬರಬೇಡ. ಅಂಚು ಕಡೆಸೋವಾಗ ನಿಮ್ಮ ದೊಡ್ಡಪ್ಪ ಪಕ್ಕದಲ್ಲಿರ್ಬೇಕು. ಇವತ್ತೇ ಕಳಿಸು."

ಮನೆ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ದೊಡ್ಡಪ್ಪ ಕುರ್ಚಿ ಎಳೆದ ಸದ್ದು. "ಯಾರೋ ಅದು? ನೀನಾ? ಇಷ್ಟು ಬೇಗ ಯಾಕೆ ಬಂದೆ?"

ಯಾವುದು ಮೊದಲು ಹೇಳಲಿ... ನನ್ನ ಕೆಲಸ ಹೋಯಿತು ಅಂತಲಾ, ನಿಮ್ಮನ್ನು ಕರೆಯುತ್ತಿದ್ದಾರೆ ಅಂತಲಾ... ಬಾಗಿಲ ಚಿಲಕ ತೆಗೆಯುತ್ತಿದ್ದಾರೆ. ಬೈಯೋದು ಆಮೇಲೆ ದೊಡ್ಡಪ್ಪ, ಮೊದಲು ಚಪ್ಪಲಿ ಹಾಕಿಕೊಂಡು ಕ್ಲಬ್ಬಿಗೆ ಹೊರಡಿ, ನಾನು —