ಹನ್ನೊಂದು ದೇಶಗಳಲ್ಲಿ ನಮ್ಮ ಸಾಲು

ಮಾರ್ಚ್ ೧೪, ಗುರುವಾರ

ಹನ್ನೊಂದು ದೇಶಗಳಿಂದ ಒಂದೊಂದು ಗ್ರಂಥಾಲಯ ಆರಿಸಿ ಸೇವೆಗಳನ್ನು ಹೋಲಿಸುವ ವರದಿ ಇವತ್ತೂ ತಲೆ ತಿಂದಿತು. ಕಣ್ಣು ಕಾಣದವರಿಗೆ ಪುಸ್ತಕ ಓದಿ, ಧ್ವನಿಮುದ್ರಿಸಿ ಕೊಡುವ ಸೇವೆ ಹತ್ತು ಕಡೆ ಇದೆ. ಪಟ್ಟಿಯಲ್ಲಿ ನಮ್ಮ ಗ್ರಂಥಾಲಯದ ಸಾಲು ಮಾತ್ರ ಖಾಲಿ. "ಇದೆ ಅಂತ ಬರೆದುಬಿಡಿ, ಯಾರು ಬಂದು ನೋಡ್ತಾರೆ?" ಎಂದರು ಮುಖ್ಯಸ್ಥರು. ಆಗಲಿ ಎಂದು ತಲೆಯಾಡಿಸಿದ್ದೆ.

ಮಧ್ಯಾಹ್ನ, ದೃಷ್ಟಿ ಕಳೆದುಕೊಂಡಿರುವ ದರ್ಜಿ ಅಜ್ಜ ತಮ್ಮ ಸೊಸೆಯ ಕೈ ಹಿಡಿದು ಬಂದರು.

"ಕೇಳೋ ಪುಸ್ತಕ ಬಂತಾ ಮೇಡಂ?"

"ಇನ್ನೂ ಇಲ್ಲ ಅಜ್ಜ."

"ಹೋದ ವರ್ಷಾನೂ ಹೀಗೇ ಅಂದಿದ್ರಿ." ಆ ದನಿಯಲ್ಲಿ ಕೋಪವಿರಲಿಲ್ಲ. ನನಗೆ ಸೊಸೆಯ ಮುಖ ನೋಡಲಾಗಲಿಲ್ಲ.

ಸಂಜೆ 'ಇಲ್ಲ' ಎಂದು ತುಂಬಿ ವರದಿ ಕಳಿಸಿಬಿಟ್ಟೆ. ನಾಳೆ ಮುಖ್ಯಸ್ಥರು ಹಾರಾಡುತ್ತಾರೆ, ಹಾರಾಡಲಿ. ವಾದಿಸುವ ತ್ರಾಣ ನನಗಿಲ್ಲ. ದೊಡ್ಡ ಧೈರ್ಯ ಮಾಡಿದೆ ಎಂದೂ ಅನ್ನಿಸುತ್ತಿಲ್ಲ. ಇದರಿಂದ ಆ ಅಜ್ಜನಿಗೆ ಒಂದು ಪುಸ್ತಕವೂ ಸಿಗಲಿಲ್ಲವಲ್ಲ.