ದಪ್ಪ ಗುಂಡಿಯ ಒಲೆ

ಗೆಳೆಯಾ,

ನೀನು ತೀರಿಹೋದರೂ ನಿನಗೆ ವರದಿ ಒಪ್ಪಿಸುವ ಚಟ ನನಗೆ ಹೋಗಿಲ್ಲ. ಮನೆಸಾಮಾನಿಗೂ ವಿನ್ಯಾಸಗಾರ ಬೇಕೆಂದು ಯಾರಿಗೂ ಹೊಳೆಯದ ಕಾಲದಲ್ಲಿ ನೀನು ರೂಪಿಸಿ, ನಾನು ನನ್ನ ಹೆಸರಲ್ಲಿ ಮಾರಿದ ಗ್ಯಾಸ್ ಒಲೆಯನ್ನು ಇವತ್ತು ಮ್ಯೂಸಿಯಂನಲ್ಲಿ ಗಾಜಿನೊಳಗೆ ಕೂರಿಸಿದರು. ಈಗಿನ ಒಲೆಗಳೆಲ್ಲ ಅದರ ಮಕ್ಕಳು, ಮೊಮ್ಮಕ್ಕಳಂತೆ.

"ತಿರುಗಿಸೋ ಗುಂಡಿ ಇಷ್ಟು ದಪ್ಪ ಯಾಕಿಟ್ರಿ ಸಾರ್?" ಎಂದು ಅಲ್ಲಿನ ಮೇಡಂ ಕೇಳಿದರು.

"ನಮ್ಮಮ್ಮನ ಬೆರಳು ಮಡಚ್ತಿರಲಿಲ್ಲ" ಎಂದು ನಿಮ್ಮಮ್ಮನ ಕಥೆಯನ್ನೂ ನನ್ನದಾಗಿಸಿಕೊಂಡೆ.

"ನನ್ನ ಕಿವಿ ಹಿಂಡುವಾಗ ಚೆನ್ನಾಗೇ ಮಡಚ್ತಿತ್ತಲ್ರೀ!" ಎಂದಳು ಪಕ್ಕದಲ್ಲಿದ್ದ ನನ್ನ ಹೆಂಡತಿ.

ಎಲ್ಲರೂ ನಕ್ಕರು. ವಿಧಿಯಿಲ್ಲದೆ ನಿನ್ನ ಹೆಸರು ಹೇಳಿದೆ.

ಮೇಡಂ ನಿನ್ನ ಫೋಟೋ ಕೇಳಿದ್ದಾರೆ. ಮನೆಯೆಲ್ಲ ತಡಕಿದಾಗ ಸಿಕ್ಕಿದ್ದು ಒಂದೇ, ಜಾಹೀರಾತಿಗೆಂದು ನಾನೇ ಕತ್ತರಿಸಿದ್ದು. ಅದರಲ್ಲಿ ನಾನು ನಗುತ್ತಿದ್ದೇನೆ. ನನ್ನ ಹೆಗಲ ಮೇಲೆ ನಿನ್ನ ಕೈ ಇದೆ.