ಮಹಡಿ ವಾರ್ಡಿಗೆ ನೀರು

ಶಂಕರಪುರಂ, ಬೆಂಗಳೂರು
ಸೋಮವಾರ, 19 ಜನವರಿ 2026

ಪ್ರೀತಿಯ ಅಕ್ಕಾ,

ಸಿಕ್ಕಿಬಿಟ್ಟಿತು ಕಣೇ, ನಮ್ಮ ಆಸ್ಪತ್ರೆಗೆ ಗ್ರಾಂಟ್ ಸಿಕ್ಕಿಬಿಟ್ಟಿತು! ಮಹಡಿ ಮೇಲಿನ ಬಾಣಂತಿಯರ ವಾರ್ಡಿಗೆ ನಲ್ಲಿಯಲ್ಲಿ ನೀರು, ಹೆರಿಗೆ ಕೋಣೆಯ ಬಾಗಿಲಲ್ಲೇ ಕೈ ತೊಳೆಯುವ ಸಿಂಕು, ಮಂಚದಿಂದ ಹತ್ತು ಹೆಜ್ಜೆಗೆ ಎರಡು ಟಾಯ್ಲೆಟ್ಟು, ಎಲ್ಲದಕ್ಕೂ ಒಪ್ಪಿಗೆ ಪತ್ರ ಇವತ್ತು ಬೆಳಿಗ್ಗೆ ಬಂತು. ನಾನು ಆಫೀಸಿನ ಕುರ್ಚಿಯಿಂದ ಎದ್ದು ಕುಣಿದೇಬಿಟ್ಟೆ. ಸಿಹಿಸುದ್ದಿ ಎಂದರೆ ನೀನು ಏನೆಂದುಕೊಂಡಿರುತ್ತೀಯ ಎಂದು ನನಗೆ ಗೊತ್ತು. ಅದಲ್ಲ! ಮದುವೆಯಾಗಿ ಇವತ್ತಿಗೆ ಎಪ್ಪತ್ತೊಂದೇ ದಿನ, ಸ್ವಲ್ಪ ತಡೆದುಕೋ.

ನೋಡು, ಕ್ಷೇಮ ಸಮಾಚಾರ ಕೇಳುವುದನ್ನೇ ಮರೆತೆ. ಹೇಗಿದ್ದೀಯ? ಬೆನ್ನು ನೋವು ಕಡಿಮೆಯಾಯಿತಾ? ಪುಟ್ಟಿ ಸೋಫಾ ಹಿಡಿದು ನಡೆಯುವ ವಿಡಿಯೋವನ್ನು ಎಷ್ಟು ಸಲ ನೋಡಿದೆನೆಂದರೆ ಗೋಕುಲ್‌ಗೂ ಅದು ಬಾಯಿಪಾಠ. ಭಾವನ ಕೆಮ್ಮು ಹೇಗಿದೆ, ನಿಮ್ಮ ಅತ್ತೆಯವರ ಮಂಡಿ ಹೇಗಿದೆ? ದಾವಣಗೆರೆಯ ಬಿಸಿಲಿಗೆ ನೀನು ಕಪ್ಪಾಗಿದ್ದೀಯ ಎಂದು ಅಮ್ಮ ದಿನಾ ಕೊರಗುತ್ತಾಳೆ. ಗವಿಪುರದ ತವರುಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನಾನಂತೂ ಎಷ್ಟು ಚೆನ್ನಾಗಿದ್ದೇನೆಂದರೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಗೋಕುಲ್ ನಸುಕಿನಲ್ಲೇ ಮಾರ್ಕೆಟ್ಟಿಗೆ ಹೋಗಿ, ಹತ್ತು ಗಂಟೆಗೆ ಸ್ಕೂಟರಿನ ಮುಂದೆ ತರಕಾರಿ ಚೀಲ, ಜೇಬಿನಲ್ಲಿ ನನಗೊಂದು ಮೊಳ ಮಲ್ಲಿಗೆ ಇಟ್ಟುಕೊಂಡು ಬರುತ್ತಾನೆ. ಜೇಬಿನಲ್ಲಿ ಬಾಡಿದ ಹೂವನ್ನೇ ಮುಡಿದುಕೊಳ್ಳುತ್ತೇನೆ. ಇದು ಅವರೆಕಾಯಿ ಕಾಲ, ಮನೆಯಲ್ಲಿ ಉಪ್ಪಿಟ್ಟಿನಿಂದ ಸಾರಿನವರೆಗೆ ಎಲ್ಲದರಲ್ಲೂ ಅವರೆಕಾಳು. ಸಿಪ್ಪೆ ತೆಗೆದು ತೆಗೆದು ನನ್ನ ಉಗುರು ಹಸಿರಾಗಿದೆ.

ಫೋನ್ ಮಾಡದೆ ಕಾಗದ ಯಾಕೆ ಎನ್ನುತ್ತೀಯ. ನಿಮ್ಮ ಮನೆಯಲ್ಲಿ ಫೋನನ್ನು ಸ್ಪೀಕರಿನಲ್ಲಿಟ್ಟು ಮಾತಾಡುವುದು ಪದ್ಧತಿ. ನಾನು ಹಲೋ ಎಂದರೆ ಪಕ್ಕದ ಮನೆಯವರೂ ಚೆನ್ನಾಗಿದ್ದೀಯೇನಮ್ಮಾ ಎನ್ನುತ್ತಾರೆ. ಇವತ್ತಿನ ವಿಷಯ ನಿನಗೊಬ್ಬಳಿಗೇ. ಇದನ್ನು ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಓದು.

ಒಂದು ವರ್ಷದಿಂದ ಆಸ್ಪತ್ರೆಯಲ್ಲಿ ನನ್ನ ಕೆಲಸವೇ ಇದು, ಮಹಡಿಗೆ ನೀರು ಹತ್ತಿಸಲು ಹಣ ಕೊಡುವವರನ್ನು ಹುಡುಕುವುದು. ಟ್ರಸ್ಟಿನ ಕಾರ್ಯದರ್ಶಿ ನಂಜುಂಡಯ್ಯನವರು "ನಿಂಗೆ ಇಂಗ್ಲಿಷ್ ಚೆನ್ನಾಗ್ ಬರುತ್ತಲ್ಲಮ್ಮಾ, ಒಂದ್ ಅರ್ಜಿ ಬರ್ದಾಕು" ಎಂದು ನನಗೆ ವಹಿಸಿದ್ದರು. ಇಂಗ್ಲಿಷ್ ಬಂದರೆ ಸಾಕು ಎಂದು ನಾನೂ ನಂಬಿದ್ದೆ! ಮಾರ್ಚ್ ಮುಗಿಯುವುದರೊಳಗೆ ಮಹಡಿಯಲ್ಲಿ ನೀರಿನ ವ್ಯವಸ್ಥೆ ಆಗದಿದ್ದರೆ ಹೆರಿಗೆ ವಾರ್ಡು ನಡೆಸುವಂತಿಲ್ಲ ಎಂದು ತಪಾಸಣೆಗೆ ಬಂದವರು ಬರೆದು ಹೋಗಿದ್ದಾರೆ. ವಾರ್ಡು ಮುಚ್ಚಿದರೆ ನಮ್ಮ ಮಾರ್ಕೆಟ್ಟಿನ ಹೂವಿನವರು, ಸೊಪ್ಪಿನವರು, ಕಾಟನ್‌ಪೇಟೆಯ ಹಮಾಲಿಗಳ ಹೆಂಡತಿಯರು ಎಲ್ಲಿಗೆ ಹೋಗಬೇಕು ಹೇಳು. ದೊಡ್ಡ ಆಸ್ಪತ್ರೆಗಳಲ್ಲಿ ಮಂಚಕ್ಕೆ ಇಬ್ಬಿಬ್ಬರು, ಖಾಸಗಿಯ ಬಾಗಿಲಿಗೆ ಹೋಗುವಂತೆಯೇ ಇಲ್ಲ.

ಮೊದಲು ಊರ ದಾನಿಗಳನ್ನೇ ಕೇಳಿದೆವು. ನಮ್ಮ ಆಸ್ಪತ್ರೆಯಲ್ಲಿ ದಾನಿಗಳ ಹೆಸರಿಲ್ಲದ ವಸ್ತುವಿಲ್ಲ ಎಂದು ನೀನೇ ನಗುತ್ತಿದ್ದೆಯಲ್ಲ, ಫ್ಯಾನಿನ ರೆಕ್ಕೆ, ಬೆಂಚು, ಗಡಿಯಾರ, ಕೊನೆಗೆ ಗಾಲಿಕುರ್ಚಿಯ ಬೆನ್ನು. ಆದರೆ ಟಾಯ್ಲೆಟ್ ಎಂದೊಡನೆ ಎಲ್ಲರಿಗೂ ಕೆಮ್ಮು ಬಂತು. ಜವಳಿ ಅಂಗಡಿಯ ವೀರಭದ್ರಯ್ಯನವರು ಒಪ್ಪಿಕೊಂಡೇ ಇದ್ದರು, ಹೆಸರು ಎಲ್ಲಿ ಹಾಕುತ್ತೀರಿ ಎಂದು ಕೇಳಿದರು, ನಾನು ಪೆದ್ದಿ, ಬಾಗಿಲ ಮೇಲೆ ಎಂದೆ. "ನಮ್ಮಪ್ಪನ್ ಹೆಸ್ರು ಕಕ್ಕಸ್ ಬಾಗ್ಲ್ ಮೇಲಾ? ಏನ್ ಮಾತಮ್ಮಾ ಇದು!" ಎಂದು ಚೆಕ್ಕನ್ನು ಮತ್ತೆ ಡ್ರಾಯರಿಗೆ ಹಾಕಿಬಿಟ್ಟರು. ಆಮೇಲೆ ಇನ್ನೊಂದು ಗಾಲಿಕುರ್ಚಿ ಕಳುಹಿಸಿದರು. ಪಾಪ, ಒಳ್ಳೆಯವರೇ.

ಆಮೇಲೆ ನಾನು ಕಂಪ್ಯೂಟರಿನ ಮುಂದೆ ಕೂತು ಸಿಕ್ಕ ಸಿಕ್ಕ ಫೌಂಡೇಶನ್‌ಗಳಿಗೆಲ್ಲ ಬರೆದೆ. ಕೆಲವರು ಶಾಲೆಗೆ ಮಾತ್ರ ಕೊಡುತ್ತಾರೆ, ಕೆಲವರು ಹಳ್ಳಿಗೆ ಮಾತ್ರ, ಬೆಂಗಳೂರು ಎಂದರೆ ನಿಮಗೇನು ಕಡಿಮೆ ಎನ್ನುತ್ತಾರೆ. ಕೊನೆಗೆ ಆಸ್ಪತ್ರೆಗಳ ನೀರು, ಶೌಚಾಲಯ, ಶುಚಿತ್ವಕ್ಕೆಂದೇ ಹಣ ಕೊಡುವ ಒಂದು ಸಂಸ್ಥೆ ಸಿಕ್ಕಿತು. ನೋಡಲು ಬರುತ್ತೇವೆ ಎಂದರು. ಅಲ್ಲೇ ನಾವು ಹಳ್ಳ ತೋಡಿಕೊಂಡದ್ದು ನೋಡು! ಆ ಸಂಸ್ಥೆಯಿಂದ ಹೇಮಶ್ರೀ ಮೇಡಂ ಬರುವ ದಿನ ನಂಜುಂಡಯ್ಯನವರು ಟ್ಯಾಂಕರ್ ತರಿಸಿದರು. ಆಯಾ ತಿಮ್ಮಕ್ಕ ಬೆಳಗಿನ ಜಾವವೇ ಬಂದು ಮಹಡಿಯ ಡ್ರಮ್ಮು, ಬಕೆಟ್ಟು, ಚೊಂಬು, ಒಂದೂ ಬಿಡದೆ ತುಂಬಿಟ್ಟಳು. ಬಾಗಿಲಿಗೆ ಮಾವಿನ ತೋರಣ, ಹೊಸ ಸೋಪು, ನರ್ಸುಗಳ ಮನೆಯಿಂದ ತಂದ ಒಳ್ಳೊಳ್ಳೆಯ ಟವೆಲ್ಲು. ಬಾಣಂತಿಯರನ್ನು ಕೆಳಗಿನ ಕೋಣೆಗೆ ಸಾಗಿಸಿ, ವಾರ್ಡಿಗೆ ಫಿನಾಯಿಲ್ ಹಾಕಿ ತಿಕ್ಕಿ ತೊಳೆದದ್ದೂ ಆಯಿತು. ಇದೇನು ಸಾರ್ ಎಂದು ನಾನು ಕೇಳಿದರೆ "ಮನೆಗ್ ಬಂದೋರ್ಗೆ ಖಾಲಿ ಡ್ರಮ್ ತೋರ್ಸಕ್ಕಾಗುತ್ತೇನಮ್ಮಾ?" ಎಂದರು. ತಿಮ್ಮಕ್ಕನೂ "ನಮ್ಮಾಸ್ಪತ್ರೆ ಮರ್ವಾದೆ ಕಣವ್ವಾ" ಎಂದಳು. ನಾನೂ ತಾನೇ ಸೋಪಿನ ಪಕ್ಕ ಒಂದು ಗುಲಾಬಿ ಇಟ್ಟವಳು! ಹೇಮಶ್ರೀ ಕಾಫಿ ಕುಡಿದರು, ತುಂಬಿದ ಡ್ರಮ್ಮುಗಳನ್ನು ನೋಡಿದರು, ಹೊರಟರು. ಹದಿನೈದು ದಿನಕ್ಕೆ ಪತ್ರ ಬಂತು: ಈಗಿರುವ ಸೌಲಭ್ಯ ಸಾಕಷ್ಟಿದೆ, ಇದಕ್ಕಿಂತ ಅಗತ್ಯವಿರುವ ಆಸ್ಪತ್ರೆಗಳು ಬೇರೆ ಇವೆ.

ಅವತ್ತು ನಾನು ಅತ್ತದ್ದು ಅಷ್ಟಿಷ್ಟಲ್ಲ. ಗೋಕುಲ್ ಮೊದಲು ಸಮಾಧಾನ ಮಾಡಿದ, ಆಮೇಲೆ ನಗತೊಡಗಿದ. "ನಿನ್ ನೋಡಕ್ ಬಂದಾಗ ನಿಮ್ಮನೇಲಿ ಪಕ್ಕದ್ಮನೆ ಸೋಫಾ ತಂದ್ ಹಾಕಿರ್ಲಿಲ್ವಾ? ಸೋಫಾ ಚೆನ್ನಾಗಿದೆ ಅಂತ ನಮ್ಮಪ್ಪ ಹೊಗಳ್ತಾನೇ ಇದ್ರು. ಹಂಗೇ ಆಯ್ತು" ಎಂದ. ಅವನಿಗೆ ಆ ಸೋಫಾ ವಿಷಯ ಹೇಳಿದವರು ಯಾರು, ನೀನಾ? ಆಮೇಲೆ ಅವನೇ ಹೇಳಿದ, ಆ ಮೇಡಂಗೆ ಫೋನ್ ಮಾಡಿ ನಿಜ ಹೇಳು, ಹೇಳದೆ ಕೇಳದೆ ಬನ್ನಿ ಎನ್ನು, ಏನಾದರೂ ಆಗಲಿ ಎಂದು. ಮರುದಿನವೇ ಫೋನ್ ಮಾಡಿದೆ. ಟ್ಯಾಂಕರಿನಿಂದ ಗುಲಾಬಿಯವರೆಗೆ ಎಲ್ಲ ಒಪ್ಪಿಕೊಂಡೆ.  ಅವರು "ಗುಲಾಬಿ ಚೆನ್ನಾಗಿತ್ತು" ಎಂದರು.

ಹೇಳದೆಯೇ ಬಂದರು. ಅವತ್ತು ನಂಜುಂಡಯ್ಯನವರು ಇರಲಿಲ್ಲ, ಕಾವೇರಿ ನೀರು ಬಿಡುವ ದಿನವೂ ಅಲ್ಲ. ತಿಮ್ಮಕ್ಕ ಎರಡು ಕೈಯಲ್ಲಿ ಎರಡು ಬಕೆಟ್ ಹಿಡಿದು ಇಪ್ಪತ್ತೆರಡು ಮೆಟ್ಟಿಲಿನ ನಡುವೆ ಸಿಕ್ಕಿಬಿದ್ದಳು. ಬಕೆಟ್‌ಗಳನ್ನು ಕೆಳಗಿಟ್ಟು ಸೆರಗು ಅಡ್ಡ ಹಿಡಿದು "ಕಾಫಿ ಕುಡೀರವ್ವಾ ಮೊದ್ಲು" ಎಂದಳು. ಮೇಲೆ ಒಬ್ಬ ನರ್ಸು ಚೊಂಬಿನಿಂದ ನೀರು ಹಾಕುತ್ತಿದ್ದರೆ ಇನ್ನೊಬ್ಬಳು ಕೈ ತೊಳೆಯುತ್ತಿದ್ದಳು. ಇಷ್ಟೆಲ್ಲ ಕಣ್ಣೆದುರಿಗಿದ್ದರೂ, ತೊಂದರೆ ಏನಮ್ಮಾ ಎಂದು ಹೇಮಶ್ರೀ ಕೇಳಿದರೆ ಮೂವರು ಬಾಣಂತಿಯರೂ "ಏನೂ ತೊಂದ್ರೆ ಇಲ್ಲ ಮೇಡಂ" ಎಂದರು. ಮೂವರ ಮಂಚದ ಪಕ್ಕದಲ್ಲೂ ಮುಟ್ಟದ ನೀರಿನ ಬಾಟಲಿ. ಯಾಕೆ ಕುಡಿದಿಲ್ಲ ಎಂದರೆ ಒಬ್ಬಳ ತಾಯಿ "ಬಾಣಂತೀರು ಜಾಸ್ತಿ ನೀರ್ ಕುಡೀಬಾರ್ದಲ್ವಾ" ಎಂದಳು. ಹೇಮಶ್ರೀ ಅದನ್ನೇ ಬರೆದುಕೊಳ್ಳತೊಡಗಿದರು, ಜನರ ನಂಬಿಕೆ ಎಂದು. ನನಗೆ ತಡೆಯಲಾಗಲಿಲ್ಲ ಅಕ್ಕಾ. "ಅದಕ್ಕಲ್ಲ ಮೇಡಂ" ಎಂದುಬಿಟ್ಟೆ. "ಕುಡಿದ್ರೆ ಟಾಯ್ಲೆಟ್‌ಗೆ ಕೆಳಗಿಳೀಬೇಕಲ್ಲ, ಅದಕ್ಕೆ."

ಆಮೇಲೆ ನಿನ್ನ ವಿಷಯ ಹೇಳಿದೆ. ಹೌದು. ಅಮ್ಮನಿಗೂ ಹೇಳಬೇಡ ಎಂದು ನನ್ನ ತಲೆ ಮೇಲೆ ಕೈಯಿಟ್ಟು ಮಾತು ತೆಗೆದುಕೊಂಡಿದ್ದೆಯಲ್ಲ, ಅದನ್ನೇ. ಇದೇ ವಾರ್ಡಿನಲ್ಲಿ, ಪುಟ್ಟಿ ಹುಟ್ಟಿದ ಮೂರನೆಯ ದಿನ, ಹೊಲಿಗೆ ಹಾಕಿದ ಮೈಯಲ್ಲಿ, ಎರಡು ದಿನ ತುಟಿ ಒದ್ದೆ ಮಾಡಿಕೊಳ್ಳುವಷ್ಟೇ ನೀರು ಕುಡಿದು ಕೂತಿದ್ದ ನೀನು, ಕೊನೆಗೆ ತಡೆಯಲಾರದೆ ಗೋಡೆ ಹಿಡಿದು ಇಳಿದದ್ದು. ನೋಡಲು ಬಂದವರೆಲ್ಲ ಹಣ್ಣಿನ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಹೊತ್ತಿನಲ್ಲೇ, ಅರ್ಧ ಮೆಟ್ಟಿಲಲ್ಲಿ ನಿನಗೆ ಆಗಿಬಿಟ್ಟದ್ದು. ನಾನು ನನ್ನ ದುಪಟ್ಟಾ ನಿನ್ನ ಸೊಂಟಕ್ಕೆ ಸುತ್ತಿದೆ. ನೀನು ಬಗ್ಗಲಾಗದಿದ್ದರೂ ಬಗ್ಗಿ ಮೆಟ್ಟಿಲು ಒರೆಸಲು ಹೋದೆ. ಆಮೇಲೆ ಮೂತ್ರದ ಸೋಂಕಾಗಿ ಹತ್ತು ದಿನ ಜ್ವರ, ಇಂಜೆಕ್ಷನ್. ಐಸ್‌ಕ್ರೀಮ್ ತಿಂದದ್ದಕ್ಕೇ ಜ್ವರ ಎಂದು ನಿಮ್ಮ ಅತ್ತೆಯವರು ಹೇಳಿದರು, ಅಮ್ಮನೂ ತಲೆಯಾಡಿಸಿದಳು, ನೀನು ಹೂಂ ತಿಂದೆ ಎಂದುಬಿಟ್ಟೆ. ನೀನು ಐಸ್‌ಕ್ರೀಮ್ ಮುಟ್ಟಿರಲಿಲ್ಲ. ಇವತ್ತಿಗೂ ಪುಟ್ಟಿಗೆ ಶೀತವಾದರೆ ಆ ಐಸ್‌ಕ್ರೀಮಿನ ಮಾತು ಬರುತ್ತದಂತೆ, ಅಮ್ಮ ಹೇಳಿದಳು. ನನಗೆ ಅನ್ನ ಇಳಿಯುವುದಿಲ್ಲ ಕಣೇ.

 ನಾನು ಇದನ್ನು ಹೇಳಿ ಮುಗಿಸಿದ ಮೇಲೆ ಕಿಟಕಿ ಪಕ್ಕದ ಮಂಚದವಳು, ಸೊಪ್ಪು ಮಾರುವ ಹುಡುಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು "ನಂಗೂ ಆಯ್ತು ಮೇಡಂ, ನೆನ್ನೆ" ಎಂದಳು. ಅವಳ ತಾಯಿ ಅವಳ ಬೆನ್ನು ಸವರುತ್ತಾ ಕೂತಳು. ಬಾಗಿಲಲ್ಲಿದ್ದ ತಿಮ್ಮಕ್ಕ ಆಗ ಮಾತಾಡಿದಳು: "ದಿನಾ ತೊಳೀತೀನಿ ಕಣವ್ವಾ ಆ ಮೆಟ್ಲ. ಯಾರ್ದು ಅಂತ ಯಾರ್ಗೂ ಹೇಳಕ್ಕಿಲ್ಲ." ಇಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿ ಅವಳು ಕಾಪಾಡಿಕೊಂಡು ಬಂದ ಮರ್ಯಾದೆ ಎಂದರೆ ಅದು ಅಕ್ಕಾ, ನಾನು ಡ್ರಮ್ಮು ತುಂಬಿಸುವುದು ಎಂದುಕೊಂಡಿದ್ದೆ. ಹೇಮಶ್ರೀ ಪೆನ್ನು ಮುಚ್ಚಿ ಮೆಟ್ಟಿಲಿಗೆ ಹೋದರು. ಇಪ್ಪತ್ತೆರಡನ್ನೂ ಒಂದೊಂದಾಗಿ ಇಳಿದು, ಅಂಗಳ ದಾಟಿ ಟಾಯ್ಲೆಟ್‌ವರೆಗೆ ನಡೆದು, ಮತ್ತೆ ಹತ್ತಿ ಬಂದರು. ಗಡಿಯಾರ ನೋಡಿಕೊಂಡು ಬರೆದುಕೊಂಡರು.

ಮಾತು ಮುರಿದದ್ದಕ್ಕೆ ಬೈಯಿ. ನೀನು ಬೈದರೆ ನನಗೆ ಸಮಾಧಾನವಾಗುತ್ತದೆ, ಸುಮ್ಮನಾದರೆ ಭಯ. ನಿನ್ನ ನೋವನ್ನು ಅರ್ಜಿಗೆ ಅಂಟಿಸಬೇಕೆಂದು ನಾನು ಹೋಗಿರಲಿಲ್ಲ. ಆ ಬಾಟಲಿಗಳನ್ನು ನೋಡಿದೆ, ನಿನ್ನ ಒಣಗಿದ ತುಟಿ ಕಂಡಿತು, ಅಷ್ಟೇ. ನನ್ನ ಮದುವೆಯಲ್ಲಿ ಧಾರೆಯ ಹೊತ್ತಿಗೆ ನೀನು ನನ್ನ ಹಿಂದೆ ನಿಂತು ಸೆರಗು ಸರಿಮಾಡುತ್ತಲೇ ಇದ್ದೆಯಲ್ಲ, ಆ ಕೈ ಈಗ ಬೇಕು ನನಗೆ.

ಭಾವನಿಗೆ, ನಿಮ್ಮ ಅತ್ತೆ ಮಾವನವರಿಗೆ ನನ್ನ ನಮಸ್ಕಾರ ಹೇಳು. ಪುಟ್ಟಿಯ ಎರಡು ಕೆನ್ನೆಗೂ ಚಿಕ್ಕಮ್ಮನ ಮುತ್ತು, ಬಲಗೆನ್ನೆಗೆ ಒಂದು ಹೆಚ್ಚು. ಗೋಕುಲ್ ನಿನಗೆ ಅವರೆಕಾಳು ಕಳುಹಿಸುತ್ತೇನೆ ಎಂದು ಈಗಲೇ ಚೀಲ ಹುಡುಕುತ್ತಿದ್ದಾನೆ.

ನಿನ್ನ ಪ್ರೀತಿಯ, ಬಾಯಿ ನಿಲ್ಲದ ತಂಗಿ,
ವಿನುತಾ

ಮರೆತೆ ಅಂತ ಬರೆಯಬೇಕೆಂದಿದ್ದೆ, ಮರೆತಿಲ್ಲ, ಧೈರ್ಯವಿರಲಿಲ್ಲ: ನಿನ್ನ ಅಕ್ಕನನ್ನು ಕೇಳಿದ್ದೀಯಾ, ಇದನ್ನು ಬರೆಯಬಹುದಾ ಎಂದು ಹೇಮಶ್ರೀ ಅವತ್ತೇ ಕೇಳಿದ್ದರು. ನಾನು ಹೂಂ ಎಂದುಬಿಟ್ಟೆ. ಸುಳ್ಳು. ಈಗ ಒಪ್ಪಿಗೆ ಪತ್ರದ ಜೊತೆ ಒಂದು ಹಾಳೆ ಬಂದಿದೆ, ನಿನ್ನ ವಿಷಯವಿರುವ ಹಾಳೆ, ಅದಕ್ಕೆ ನಿನ್ನ ಸಹಿ ಬೇಕು. ಹೆಸರು ಹಾಕುವುದಿಲ್ಲ. ಆದರೆ ಅದನ್ನು ನಮ್ಮ ಟ್ರಸ್ಟಿನ ಸಭೆಯಲ್ಲಿ ಓದುತ್ತಾರೆ, ಹಣ ಕೊಡುವ ಸಂಸ್ಥೆಯ ಪುಸ್ತಕದಲ್ಲಿ ಅದು ಅಚ್ಚಾಗುತ್ತದೆ, ಗವಿಪುರದಲ್ಲಿ ಊಹಿಸುವವರು ಊಹಿಸುತ್ತಾರೆ, ದಾವಣಗೆರೆಗೂ ಮಾತು ಬರಬಹುದು. ಸಹಿ ಇಲ್ಲದಿದ್ದರೆ ಆ ಹಾಳೆ ತೆಗೆದು ಅರ್ಜಿಯನ್ನು ಮತ್ತೆ ಅವರ ಕಮಿಟಿ ಮುಂದೆ ಇಡಬೇಕು, ಮಾರ್ಚ್ ಒಳಗೆ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಇವತ್ತು ಮಧ್ಯಾಹ್ನ ಹೇಮಶ್ರೀಗೆ ಫೋನ್ ಮಾಡಿ ನನ್ನ ಸುಳ್ಳು ಒಪ್ಪಿಕೊಂಡೆ. ಅಕ್ಕ ಬೇಡ ಎಂದರೆ ಬೇಡ, ನಾನೇ ಹಾಳೆ ಹರಿಯುತ್ತೇನೆ, ನಂಜುಂಡಯ್ಯನವರಿಗೂ ನಾನೇ ಹೇಳುತ್ತೇನೆ ಎಂದಿದ್ದೇನೆ. ನೀನು ಫೋನಿನಲ್ಲಿ ಏನೂ ಹೇಳಬೇಡ, ಸ್ಪೀಕರ್ ಇದೆ. ಹಾಳೆ ಹಿಡಿದು ನಾನೇ ದಾವಣಗೆರೆಗೆ ಬರುತ್ತೇನೆ, ನೀನು ಸಹಿ ಹಾಕುವುದಾದರೂ ಬರುತ್ತೇನೆ, ಹಾಕದಿದ್ದರೂ ಬರುತ್ತೇನೆ. ಐಸ್‌ಕ್ರೀಮಿನ ವಿಷಯ ನಿಮ್ಮ ಅತ್ತೆಯವರಿಗೆ ಹೇಳಬೇಕೆಂದು ನಿನಗೆ ಅನ್ನಿಸಿದರೆ ನಿನ್ನ ಪಕ್ಕದಲ್ಲಿ ಕೂರುತ್ತೇನೆ, ಬೇಡವೆಂದರೆ ಅವರೆಕಾಳು ಸುಲಿಯುತ್ತಾ ಬಾಯಿ ಮುಚ್ಚಿಕೊಂಡಿರುತ್ತೇನೆ. ಶನಿವಾರ, ಇಪ್ಪತ್ತನಾಲ್ಕನೇ ತಾರೀಕು, ಬೆಳಗಿನ ಜನಶತಾಬ್ದಿ ರೈಲು.